ಕೋವಿ ಒದ್ದಷ್ಟೂ ಬೇಟೆ ಬೀಳುವುದಿಲ್ಲ

ಜಿಂಕೆ ಕುಲದಲ್ಲಿ ಮೂಸ್‌ಗಿಂತ ದೊಡ್ಡ ಪ್ರಾಣಿ ಇಲ್ಲ. ಸ್ವೀಡನ್ನಿನ ಕಾಡುಗಳಲ್ಲಿ ಬಲಿತ ಗಂಡು 400 ಕಿಲೊ ದಾಟುವುದುಂಟು. ಇದರ ಬೇಟೆಗೆ ಅಲ್ಲಿನವರು ತಲೆಮಾರುಗಳಿಂದ ನೆಚ್ಚಿಕೊಂಡಿರುವುದು 6.5×55 ಎಂಬ ತೋಟಾವನ್ನು. ಇದರ ಗುಂಡು ಪೆನ್ಸಿಲ್‌ಗಿಂತ ತುಸು ಸಪೂರ. ಹಿತ್ತಾಳೆ ಕೊಳವೆಯ ಉದ್ದ 55 ಮಿಲಿಮೀಟರ್. 1890ರ ದಶಕದಲ್ಲಿ ಸ್ವೀಡನ್ ಮತ್ತು ನಾರ್ವೆ ಕೂಡಿ ತಮ್ಮ ಸೈನಿಕರಿಗಾಗಿ ಇದನ್ನು ರೂಪಿಸಿದವು. ಆಮೇಲೆ ಇದಕ್ಕಿಂತ ಜೋರಿನ ತೋಟಾಗಳು ಎಷ್ಟೋ ಬಂದವು. ಆದರೂ ಇದು ಮೂಲೆ ಸೇರಲಿಲ್ಲ. ಮುಖ್ಯ ಕಾರಣ, ಇದು ಭುಜಕ್ಕೆ ಒದೆಯುವುದು ಕಡಿಮೆ.

ಒದೆತದ ಲೆಕ್ಕ ಸರಳ. ಗುಂಡು ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಬರಲೇಬೇಕು. ಈ ತೋಟಾದ 10 ಗ್ರಾಂ ಗುಂಡು ಸೆಕೆಂಡಿಗೆ 760 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಅದರ ಬೆನ್ನಿಗೇ ಸುಮಾರು 3 ಗ್ರಾಂ ಮದ್ದು ಉರಿದ ಅನಿಲ ಇನ್ನೂ ರಭಸದಿಂದ ನುಗ್ಗುತ್ತದೆ. ಎರಡೂ ಸೇರಿ 4 ಕಿಲೊ ಕೋವಿಯನ್ನು ಸೆಕೆಂಡಿಗೆ ಹೆಚ್ಚುಕಡಿಮೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ತಳ್ಳುತ್ತವೆ. ಭುಜಕ್ಕೆ ಬೀಳುವ ಪೆಟ್ಟು ಸುಮಾರು 16 ಜೂಲ್. ಅಷ್ಟೇ ತೂಕದ ಕೋವಿಯಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಜೋರಿನ ತೋಟಾ ಹಾರಿಸಿದರೆ ಪೆಟ್ಟು 30 ಜೂಲ್ ದಾಟುತ್ತದೆ. ಕೋವಿ ಹಿಮ್ಮೆಟ್ಟುವ ವೇಗ ಒಂದೂವರೆ ಪಟ್ಟಾದರೆ ಶಕ್ತಿ ಎರಡು ಪಟ್ಟು ಮೀರುತ್ತದೆ, ಏಕೆಂದರೆ ಶಕ್ತಿ ಏರುವುದು ವೇಗದ ವರ್ಗದಂತೆ. ಹೊರುವುದು ಸುಲಭವೆಂದು ಹಗುರ ಕೋವಿ ಕೊಂಡರೂ ಒದೆತ ಹೆಚ್ಚುತ್ತದೆ.

ಒದೆಸಿಕೊಂಡ ದೇಹ ಅದನ್ನು ಮರೆಯುವುದಿಲ್ಲ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಸೆಟೆಯುತ್ತದೆ. ಇದನ್ನು ಪತ್ತೆಹಚ್ಚಲು ತರಬೇತುದಾರರು ಒಂದು ಉಪಾಯ ಮಾಡುತ್ತಾರೆ. ಶಿಷ್ಯನಿಗೆ ಹೇಳದೆ ಅಸಲಿ ತೋಟಾಗಳ ನಡುವೆ ಒಂದು ಖಾಲಿ ತೋಟಾ ಸೇರಿಸುತ್ತಾರೆ. ಅದರ ಸರದಿ ಬಂದಾಗ ಟಕ್ ಎಂಬ ಸದ್ದಷ್ಟೇ, ಒದೆತವೇ ಇಲ್ಲ. ಆದರೂ ನಳಿಗೆಯ ತುದಿ ಗಕ್ಕನೆ ಕೆಳಕ್ಕೆ ಕುಸಿದರೆ ಗುಟ್ಟು ರಟ್ಟಾದಂತೆ. ಅಷ್ಟು ಅಲುಗಾಟ ಸಾಕು, ಎದೆಗೆ ಗುರಿಯಿಟ್ಟ ಗುಂಡು ಹೊಟ್ಟೆಗೆ ತಗುಲಲು. ಹಾಗೆ ಗಾಯಗೊಂಡ ಪ್ರಾಣಿ ದೂರ ಓಡಿ ನರಳಿ ಸಾಯುತ್ತದೆ.

ಇಷ್ಟು ಸಣ್ಣ ಗುಂಡು ಅಷ್ಟು ದೊಡ್ಡ ಪ್ರಾಣಿಗೆ ಸಾಕೇ? ತೆಳ್ಳಗೆ ಉದ್ದವಾಗಿರುವುದೇ ಅದರ ಬಲ. ಅಡ್ಡಳತೆಗೆ ಹೋಲಿಸಿದರೆ ತೂಕ ಹೆಚ್ಚು, ಹಾಗಾಗಿ ಆಳಕ್ಕೆ ಇಳಿಯುತ್ತದೆ. ಸ್ವೀಡನ್ನಿನ ಕಾನೂನೂ ತೂಕಕ್ಕೆ ಬೆಲೆ ಕೊಟ್ಟಿದೆ. ಮೂಸ್ ಬೇಟೆಯ ಗುಂಡು 10 ಗ್ರಾಂ ಅಥವಾ ಹೆಚ್ಚಿದ್ದರೆ 100 ಮೀಟರ್ ದೂರದಲ್ಲಿ 2,000 ಜೂಲ್ ಶಕ್ತಿ ಸಾಕು; 9ರಿಂದ 10 ಗ್ರಾಂ ಒಳಗಿದ್ದರೆ 2,700 ಜೂಲ್ ಬೇಕು.

ಕಳೆದ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಎಂಬ ಬೇಟೆಗಾರ ಇಂಥದೇ ಸಣ್ಣ ಗುಂಡಿನ 7 ಮಿಲಿಮೀಟರ್ ಕೋವಿಯಿಂದ ನೂರಾರು ಆನೆಗಳನ್ನು ಕೊಂದ. ಆನೆಯ ತಲೆಬುರುಡೆಯೊಳಗೆ ಮಿದುಳು ಎಲ್ಲಿದೆ ಎಂಬುದು ಅವನಿಗೆ ಕರಗತವಾಗಿತ್ತು. ಅದು ಎಲ್ಲರೂ ಅನುಸರಿಸುವ ದಾರಿಯಲ್ಲ. ಇಂದು ಆಫ್ರಿಕದ ಹಲವು ದೇಶಗಳು ಆನೆಯಂಥ ಅಪಾಯಕಾರಿ ಪ್ರಾಣಿಗಳಿಗೆ ಇನ್ನೂ ದೊಡ್ಡ ತೋಟಾವನ್ನೇ ಕಡ್ಡಾಯ ಮಾಡಿವೆ.

ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಬೇಟೆಯ ಅಧ್ಯಾಯವನ್ನೇ ಮುಚ್ಚಿದೆ. ಬೇಟೆಗೆ ಪರವಾನಗಿ ಇರುವ ದೇಶಗಳಲ್ಲಿ ಆಯ್ಕೆಯ ಸೂತ್ರ ಇಷ್ಟೇ: ಮೊದಲು ಕಾನೂನು ಹೇಳುವ ಕನಿಷ್ಠ ಮಟ್ಟ ಮುಟ್ಟಬೇಕು, ಆಮೇಲೆ ಹತ್ತನೇ ಗುಂಡನ್ನೂ ಮೊದಲನೆಯದರಷ್ಟೇ ನಿರಾತಂಕವಾಗಿ ಹಾರಿಸಬಲ್ಲ ತೋಟಾವನ್ನೇ ಆರಿಸಬೇಕು.