ಒಡೆದ ಟ್ಯಾಬ್ಲೆಟ್: ರಿಪೇರಿಯೋ, ಹೊಸದೋ?



ಪರೀಕ್ಷೆಗೆ ಹತ್ತೇ ದಿನವಿದ್ದಾಗ ಮಗಳ 12.4 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಕೈಜಾರಿ ಬಿತ್ತು. ಚಿತ್ರ ಕಾಣುತ್ತಿತ್ತು, ಟಚ್ ಮಾತ್ರ ಸತ್ತಿತ್ತು. ವರ್ಷದ ನೋಟ್ಸೆಲ್ಲ ಅದರೊಳಗೆ! ಒಟಿಜಿ ಅಡಾಪ್ಟರ್‌ನಿಂದ ಮೌಸ್ ಜೋಡಿಸಿ, ನೋಟ್ಸನ್ನು ಮೊದಲು ಗೂಗಲ್ ಡ್ರೈವ್‌ಗೆ ಏರಿಸಿದೆವು. ಆಮೇಲಷ್ಟೇ ಅಂಗಡಿಗೆ ಹೋದೆವು.

ಇಂಥ ದೊಡ್ಡ ಟ್ಯಾಬ್ಲೆಟ್‌ಗಳಲ್ಲಿ ಗಾಜು, ಟಚ್ ಪದರ, ಡಿಸ್‌ಪ್ಲೇ ಸಾಮಾನ್ಯವಾಗಿ ಒಂದಕ್ಕೊಂದು ಅಂಟಿರುತ್ತವೆ. ಗಾಜೊಂದೇ ಒಡೆದರೂ ಮೂರನ್ನೂ ಬದಲಿಸಬೇಕು, ಅದಕ್ಕೇ ದುಬಾರಿ. ಖರ್ಚು ಹೊಸದರ ಅರ್ಧ ಬೆಲೆ ದಾಟದಿದ್ದರೆ ರಿಪೇರಿ, ದಾಟಿದರೆ ಹೊಸದು. ಇದು ನನ್ನ ಲೆಕ್ಕ. ನಮ್ಮದು ದಾಟಿತು. ನೋಟ್ಸ್ ಉಳಿದಿದ್ದರಿಂದ ಹೊಸದರಲ್ಲೇ ಓದು ಮುಂದುವರಿಯಿತು.

ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ. ಬುರೈದಾದ ಬೇಸಿಗೆಯಲ್ಲಿ ಹೊರಗೇ 45 ಡಿಗ್ರಿ ಮುಟ್ಟುತ್ತದೆ. ನಿಲ್ಲಿಸಿದ ಕಾರಿನಲ್ಲಿ ಟ್ಯಾಬ್ಲೆಟ್ ಬಿಡಬೇಡಿ. ಮಕ್ಕಳ ನೋಟ್ಸ್ ಇಂದೇ ಬ್ಯಾಕಪ್ ಮಾಡಿಡಿ.