ನಮ್ಮ ಹೆಣ್ಣುಮಕ್ಕಳೂ ಕೆಡೆಟ್ ದಳದ ಶಿಸ್ತೂ

ಎಂಟನೆಯ ತರಗತಿಯ ಹುಡುಗಿಯರು ಎನ್.ಸಿ.ಸಿ. ಎಂದು ಎಲ್ಲರೂ ಕರೆಯುವ ರಾಷ್ಟ್ರೀಯ ಕೆಡೆಟ್ ದಳಕ್ಕೆ ಹೆಸರು ಕೊಡುವ ಕಾಲದಲ್ಲಿ ಹೆತ್ತವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಹೆಣ್ಣು ಹುಡುಗಿಯ ಕೈಗೆ ಬಂದೂಕು ಯಾಕೆ? ಹತ್ತು ದಿನ ಮನೆಬಿಟ್ಟು ಶಿಬಿರದಲ್ಲಿದ್ದರೆ ಅವಳನ್ನು ನೋಡಿಕೊಳ್ಳುವವರು ಯಾರು? ಮುಂದೆ ಯುದ್ಧವಾದರೆ ಅವಳನ್ನು ಕರೆದುಕೊಂಡು ಹೋಗುವರೋ? ಇದರಿಂದ ಪಾಠಕ್ಕೆ ಕುಂದು ಬಾರದೇ? ಇವು ನಕ್ಕು ತಳ್ಳಿಬಿಡತಕ್ಕ ಪ್ರಶ್ನೆಗಳಲ್ಲ. ಮಗಳ ಮೇಲಣ ಪ್ರೀತಿಯಿಂದ ಹುಟ್ಟಿದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವುದು ಶಾಲೆಯ ಕರ್ತವ್ಯವಾಗಿದೆ. ಆದುದರಿಂದ ಈ ದಳವು ನಮ್ಮ ವಿದ್ಯಾರ್ಥಿನಿಯರಿಂದ ಏನನ್ನು ಕೇಳುತ್ತದೆ, ಯಾತಕ್ಕಾಗಿ ಕೇಳುತ್ತದೆ, ಎಲ್ಲಿಯ ಪರಿಯಂತ ಕೇಳಬಹುದು ಎಂಬುದನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡಲು ಯತ್ನಿಸುತ್ತೇವೆ.

ಹರಿಹರದವರಿಗೆ ದಂಡೆಂಬುದು ಹೊಸ ಮಾತಲ್ಲ. 1865ರ ಪರಿಯಂತ ಊರಿನ ವಾಯವ್ಯಕ್ಕೆ ಎರಡು ಮೈಲಿಗಳಷ್ಟು ದೂರದಲ್ಲಿ ಸೈನ್ಯದ ನೆಲೆಯಿದ್ದು, ಕಾಲಾಳುಗಳ ಒಂದು ಪಟಾಲಮು ಅಲ್ಲಿ ಬೀಡುಬಿಟ್ಟಿತ್ತು. ಅದು ತೆರಳಿದ ಮೂರು ವರ್ಷಗಳಿಗೆ, ಅಂದರೆ 1868ರಲ್ಲಿ, ತುಂಗಭದ್ರೆಯ ಮೇಲಣ ಹಳೆಯ ಸೇತುವೆ ಪೂರ್ತಿಯಾಯಿತು. ಆ ಕಾಲದ ದಂಡಿನಲ್ಲಿ ನಮ್ಮ ಹೆಣ್ಣುಮಕ್ಕಳು ಕವಾತು ಮಾಡುವರೆಂದು ಯಾರಾದರೂ ಹೇಳಿದ್ದರೆ ಕೇಳಿದವರು ನಂಬುತ್ತಿರಲಿಲ್ಲ. ಈಗಲಾದರೋ ಅದು ದೇಶದ ಕಾನೂನಿನಲ್ಲಿಯೇ ಬರೆಯಲ್ಪಟ್ಟಿದೆ.

ಈ ದಳದ ಹುಟ್ಟನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷರ ಆಳಿಕೆಯಲ್ಲಿ ಕಾಲೇಜು ತರುಣರಿಗೆ ವಿಶ್ವವಿದ್ಯಾನಿಲಯದ ಸೈನಿಕ ಶಿಕ್ಷಣ ದಳವೆಂಬುದಿತ್ತು. ಸ್ವಾತಂತ್ರ್ಯವು ಸಮೀಪಿಸಿದಾಗ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರೂ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಗಿ, ಶಾಲೆ ಕಾಲೇಜುಗಳೆರಡರಲ್ಲಿಯೂ ಹಬ್ಬುವ ಒಂದು ದಳವು ದೇಶಕ್ಕೆ ಬೇಕೆಂದು 1947ರಲ್ಲಿ ವರದಿ ಒಪ್ಪಿಸಿತು. 1948ರ ಏಪ್ರಿಲಿನಲ್ಲಿ ಕಾನೂನಾಯಿತು. ಅದೇ ವರ್ಷದ ಜುಲೈ 15ರಂದು ದಳವು ಅಸ್ತಿತ್ವಕ್ಕೆ ಬಂದಿತು. ಮರುವರ್ಷ, 1949ರ ಜುಲೈಯಲ್ಲಿ, ಬಾಲಿಕೆಯರ ವಿಭಾಗವು ಏರ್ಪಟ್ಟಿತು. ಅದೇ ವರ್ಷದ ಜನವರಿ 15ರಂದು ನಮ್ಮ ಕೊಡಗಿನ ಕಾರ್ಯಪ್ಪನವರು ಭಾರತದ ಸೈನ್ಯಕ್ಕೆ ಮೊದಲನೆಯ ಭಾರತೀಯ ದಂಡನಾಯಕರಾಗಿದ್ದರು. 1962ರ ಯುದ್ಧದ ತರುವಾಯ ಕಾಲೇಜುಗಳಲ್ಲಿ ಈ ಶಿಕ್ಷಣವನ್ನು 1963ರಿಂದ ಕಡ್ಡಾಯ ಮಾಡಿದರು; 1968ರಲ್ಲಿ ಅದನ್ನು ಮರಳಿ ಸ್ವಇಚ್ಛೆಗೆ ಬಿಟ್ಟರು. ಈ ಕಡೆಯ ಮಾತನ್ನು ಹೆತ್ತವರು ಚೆನ್ನಾಗಿ ನೆನಪಿಡಬೇಕು. ಯಾವ ಹುಡುಗಿಯನ್ನೂ ಬಲವಂತದಿಂದ ಸೇರಿಸಿಕೊಳ್ಳುವುದಿಲ್ಲ. ಅವಳ ಮನಸ್ಸು ಮಾತ್ರವಲ್ಲದೆ ತಂದೆ ತಾಯಿಯರ ಒಪ್ಪಿಗೆಯ ರುಜುವೂ ಅರ್ಜಿಯಲ್ಲಿ ಬೇಕು. ಮತ್ತು ದಳಕ್ಕೆ ಸೇರಿದ ಮಾತ್ರಕ್ಕೆ ಯುದ್ಧಸೇವೆಗೆ ಹೋಗಬೇಕಾದ ಹೊಣೆ ಯಾರ ಮೇಲೂ ಬೀಳುವುದಿಲ್ಲ, ಇದು ನಿಯಮವೇ.

ಹೈಸ್ಕೂಲಿನ ಹುಡುಗಿಯರು ಸೇರುವ ಕಿರಿಯ ವಿಭಾಗಕ್ಕೆ ಹನ್ನೆರಡು ವರ್ಷ ತುಂಬಿರಬೇಕು, ಹದಿನೆಂಟೂವರೆ ಮೀರಿರಬಾರದು. ದೇಹವು ಆರೋಗ್ಯವಾಗಿಯೂ ನಡತೆಯು ಒಳ್ಳೆಯದಾಗಿಯೂ ಇರಬೇಕು. ಶಿಕ್ಷಣವು ಎರಡು ವರ್ಷ. ಅದರ ಕಡೆಯಲ್ಲಿ 'ಎ' ಸರ್ಟಿಫಿಕೇಟಿನ ಪರೀಕ್ಷೆ. ಆ ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75ರಷ್ಟು ಹಾಜರಿಯೂ ಒಂದು ವಾರ್ಷಿಕ ಶಿಬಿರವೂ ಆಗಿರಬೇಕು. ಕವಾತು, ಆಯುಧದ ಪರಿಚಯ, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಆರೋಗ್ಯ, ನೆರೆ ಬೆಂಕಿ ಮುಂತಾದ ವಿಪತ್ತುಗಳಲ್ಲಿ ಮಾಡತಕ್ಕ ಸಹಾಯ ಇವೇ ಪಾಠಗಳು. ಶಾಲೆಯ ಉಪಾಧ್ಯಾಯಿನಿಯೊಬ್ಬರು ತರಬೇತಿ ಹೊಂದಿ ದಳದ ಅಧಿಕಾರಿಣಿಯಾಗಿರುತ್ತಾರೆ. ಕವಾತು ಕಲಿಸಲು ಬೆಟಾಲಿಯನ್ನಿನಿಂದ ಸೈನ್ಯದ ಹವಾಲ್ದಾರರು ಬರುತ್ತಾರೆ.

ಇನ್ನು ಕವಾತಿನ ಮೈದಾನಕ್ಕೆ ಬರೋಣ. ಅಲ್ಲಿಯ ಅಪ್ಪಣೆಗಳೆಲ್ಲ ಹಿಂದಿಯಲ್ಲಿ. ಮೊದಲ ದಿನ 'ಸಾವಧಾನ್' ಎಂಬ ಕೂಗು ಕಿವಿಗೆ ಬಿದ್ದೊಡನೆ ಕನ್ನಡದ ಹುಡುಗಿಗೆ ಸೋಜಿಗವಾಗುತ್ತದೆ. ಮನೆಯಲ್ಲಿ ತಾಯಿ 'ಸಾವಧಾನ ಮಗೂ' ಎಂದರೆ ಆತುರಪಡಬೇಡ, ನಿಧಾನಿಸು ಎಂದರ್ಥ. ಮೈದಾನದಲ್ಲಿ ಅದೇ ಮಾತಿಗೆ ಹಿಮ್ಮಡಿಗಳನ್ನು ಜೋಡಿಸಿ, ಮುಷ್ಟಿ ಬಿಗಿದು, ಎದುರಿಗೆ ದೃಷ್ಟಿಯಿಟ್ಟು ಸೆಟೆದು ನಿಲ್ಲಬೇಕು. ಎರಡೂ ಬೇರೆಯೆಂದು ತೋರುತ್ತವೆ. ಆದರೆ ಬೇರು ಒಂದೇ. ಅವಧಾನದೊಡನೆ ಇರುವುದೇ ಸಾವಧಾನ. ಮನಸ್ಸನ್ನು ಒಂದು ಕಡೆ ನಿಲ್ಲಿಸಿದವಳು ಆತುರವನ್ನೂ ಪಡುವುದಿಲ್ಲ, ಆಲಸ್ಯವನ್ನೂ ಪಡುವುದಿಲ್ಲ. ಕವಾತಿನ ಗುಟ್ಟೆಲ್ಲವೂ ಇದರಲ್ಲಿಯೇ ಅಡಗಿದೆ. ಕಾಲು ಹಾಕುವುದನ್ನು ಕಲಿಸುವುದು ನೆಪಮಾತ್ರ. ಕಲಿಸುವುದು ಮನಸ್ಸಿನ ನಿಲುವನ್ನೇ. ಮೂವತ್ತು ಮಂದಿ ಒಂದೇ ಹೆಜ್ಜೆಯಲ್ಲಿ ನಡೆಯುವಾಗ ಒಬ್ಬಳ ಅಜಾಗ್ರತೆ ಮೂವತ್ತು ಮಂದಿಯ ಸಾಲನ್ನು ಕೆಡಿಸುತ್ತದೆಂಬುದನ್ನು ಹುಡುಗಿ ಅಲ್ಲಿ ಕಣ್ಣಾರೆ ಕಾಣುತ್ತಾಳೆ.

ದಳದಲ್ಲಿ ಶಿಸ್ತಿನ ನಾಲ್ಕು ಸೂತ್ರಗಳಿವೆ. ಮೊದಲನೆಯದು, ಅಪ್ಪಣೆಯನ್ನು ನಗುಮುಖದಿಂದ ಪಾಲಿಸುವುದು. ಎರಡನೆಯದು, ಹೊತ್ತಿಗೆ ಸರಿಯಾಗಿರುವುದು. ಮೂರನೆಯದು, ಗೊಣಗದೆ ಗದ್ದಲಮಾಡದೆ ದುಡಿಯುವುದು. ನಾಲ್ಕನೆಯದು, ನೆಪ ಹೇಳದಿರುವುದು, ಸುಳ್ಳಾಡದಿರುವುದು. ಇವುಗಳಲ್ಲಿ ಮೊದಲ ಮೂರನ್ನು ಹುಡುಗಿಯರು ಒಂದು ವರ್ಷದಲ್ಲಿ ಕಲಿಯುತ್ತಾರೆ, ನಾಲ್ಕನೆಯದು ಕಷ್ಟ. ತಡವಾಗಿ ಬಂದವಳ ಬಾಯಿಗೆ ಬಸ್ಸಿನ ಸುದ್ದಿ ತಾನೇ ಬರುತ್ತದೆ. ಪಾದರಕ್ಷೆಗೆ ಪಾಲಿಷ್ ಇಲ್ಲದವಳಿಗೆ ತಮ್ಮನ ತಂಟೆ ನೆನಪಾಗುತ್ತದೆ. 'ತಪ್ಪು ನನ್ನದು, ನಾಳೆ ಸರಿಪಡಿಸುತ್ತೇನೆ' ಎಂಬ ಎರಡು ಮಾತನ್ನು ಅಳುಕದೆ ಹೇಳಬಲ್ಲ ಹುಡುಗಿಗೆ ದಳವು ಕಲಿಸಬೇಕಾದ್ದು ಬಹಳವೇನೂ ಉಳಿದಿಲ್ಲವೆಂದು ನಾವು ತಿಳಿದಿದ್ದೇವೆ.

ಆದರೂ ನೆಪ ಬೇರೆ, ಕಾರಣ ಬೇರೆ. ಜ್ವರ ಬಂದವಳು, ತಿಂಗಳ ದಿನಗಳಲ್ಲಿ ಹೊಟ್ಟೆನೋವಿನಿಂದ ಬಳಲುವವಳು, ಮುಂಜಾನೆ ಉಪವಾಸವಾಗಿ ಬಂದು ತಲೆ ತಿರುಗುತ್ತಿರುವವಳು ಅದನ್ನು ಮುಚ್ಚಿಟ್ಟು ಬಿಸಿಲಿನಲ್ಲಿ ನಿಂತರೆ ಶೂರತನವಲ್ಲ. ಅಧಿಕಾರಿಣಿಯ ಬಳಿ ನಾಚಿಕೆಪಡದೆ ಹೇಳುವುದೇ ನಿಯಮ. ಕೇಳಿದವರು ಹಗುರವಾಗಿ ಮಾತಾಡದಿರುವುದೂ ನಿಯಮ.

ಸಮವಸ್ತ್ರದ ಕುರಿತು ಎರಡು ಮಾತು. ಖಾಕಿ ಉಡುಪು, ಟೋಪಿ, ಪಟ್ಟಿಗಳು ದಳದ ಗುರುತು.  ಹುಡುಗಿ ಅವನ್ನು ಒಗೆದು ಇಸ್ತ್ರಿಮಾಡಿ, ಹಿತ್ತಾಳೆಯನ್ನು ಉಜ್ಜಿ ತಾನೇ ಇಟ್ಟುಕೊಳ್ಳಬೇಕು. ತಾಯಿಯ ಮೇಲಾಗಲಿ ಕೆಲಸದವಳ ಮೇಲಾಗಲಿ ಹಾಕಬಾರದು. ಕೂದಲನ್ನು ಅಚ್ಚುಕಟ್ಟಾಗಿ ಕಟ್ಟಬೇಕು. ಬಳೆ, ಸರ, ಜೋಲುವ ಓಲೆಗಳು ಕವಾತಿಗೆ ತಕ್ಕವಲ್ಲ. ಈ ಮಾತಿನಲ್ಲಿ ಒಂದು ಸೊಗಸುಂಟು. ಮೆಕ್ಕೆಜೋಳದ ಮಂಡಿಯವರ ಮಗಳೂ ಕಾರ್ಖಾನೆಯ ಕೂಲಿಯ ಮಗಳೂ ಒಂದೇ ಬಟ್ಟೆಯಲ್ಲಿ ಒಂದೇ ಸಾಲಿನಲ್ಲಿ ನಿಂತಾಗ, ಯಾರ ಮನೆಯಲ್ಲಿ ಎಷ್ಟು ಚಿನ್ನವಿದೆಯೆಂಬುದು ಕಾಣಿಸುವುದಿಲ್ಲ. ಹರಿ ಹರ ಎಂಬ ಎರಡು ಹೆಸರುಗಳು ಒಂದಾಗಿ ಬೆರೆತ ಊರಿನ ಮಕ್ಕಳಿಗೆ ದಳದ ಧ್ಯೇಯವಾಕ್ಯದಲ್ಲಿರುವ ಏಕತೆ ಮತ್ತು ಅನುಶಾಸನ ಎಂಬ ಮಾತುಗಳನ್ನು ವಿವರಿಸುವುದು ಕಷ್ಟವಲ್ಲ.

ಬಂದೂಕಿನ ವಿಷಯದಲ್ಲಿ ಹೆತ್ತವರಿಗೆ ಭಯವಿದೆ. ಮಿಷನ್ ಶಾಲೆಯವರಾದ ನಮಗೆ ಮನಸ್ಸಾಕ್ಷಿಯ ಪ್ರಶ್ನೆಯೂ ಇದೆ. ಸಮಾಧಾನದ ಸುವಾರ್ತೆಯನ್ನು ಸಾರುವ ಮನೆಯಲ್ಲಿ ಆಯುಧದ ಪಾಠವೇ ಎಂದು ಕೇಳುವವರಿದ್ದಾರೆ. ಕೆಡೆಟ್ಟಿಗೆ ಕೊಡುವುದು .22 ಅಳತೆಯ ಸಣ್ಣ ರೈಫಲು. ಅದನ್ನು ನೆಲದ ಮೇಲೆ ಮಲಗಿಕೊಂಡು ಗುರಿಹಲಗೆಗೆ ಮಾತ್ರ, ಬೋಧಕರ ಕಣ್ಣೆದುರಿನಲ್ಲಿ, ಅಪ್ಪಣೆಯಾದ ಮೇಲೆ ಮಾತ್ರ ಹಾರಿಸಬೇಕು. ಗುಂಡಿಲ್ಲದ ಬಂದೂಕನ್ನೂ ಗುಂಡಿರುವುದೆಂದೇ ಎಣಿಸಬೇಕು. ಆಟಕ್ಕಾಗಿಯೂ ಮನುಷ್ಯರ ಕಡೆಗೆ ತಿರುಗಿಸಕೂಡದು. ಹೀಗೆ ಕಲಿತವಳಿಗೆ ಆಯುಧದ ಮೇಲೆ ಮೋಹ ಹುಟ್ಟುವುದಿಲ್ಲ, ಜಾಗ್ರತೆ ಹುಟ್ಟುತ್ತದೆ. ಆದಾಗ್ಯೂ ಯಾವ ಕುಟುಂಬದವರ ಮನಸ್ಸಾಕ್ಷಿಯು ಇದಕ್ಕೆ ಒಪ್ಪುವುದಿಲ್ಲವೋ ಅವರು ಮಗಳನ್ನು ಸೇರಿಸದಿರಲು ಸ್ವತಂತ್ರರು. ಅದಕ್ಕಾಗಿ ಅವಳನ್ನು ಯಾರೂ ಕೀಳಾಗಿ ಕಾಣಬಾರದು. ಭಾನುವಾರದ ಕವಾತು ಆರಾಧನೆಯ ವೇಳೆಗೆ ಅಡ್ಡಬಾರದಂತೆ ನೋಡಿಕೊಳ್ಳುವುದು ಶಾಲೆಯ ಹೊಣೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬಂದಿದ್ದೇವೆ. ವಾರ್ಷಿಕ ಶಿಬಿರವು ಸಾಧಾರಣವಾಗಿ ಹತ್ತು ದಿನ ನಡೆಯುತ್ತದೆ. ಬೆಳಕು ಹರಿಯುವ ಮೊದಲೇ ಏಳುವುದು, ವ್ಯಾಯಾಮ, ಕವಾತು, ಸಾಲಿನಲ್ಲಿ ನಿಂತು ಊಟ ಪಡೆಯುವುದು, ತನ್ನ ತಟ್ಟೆ ತಾನೇ ತೊಳೆಯುವುದು, ಗೊತ್ತಾದ ಹೊತ್ತಿಗೆ ದೀಪವಾರಿಸಿ ಮಲಗುವುದು ಅಲ್ಲಿಯ ದಿನಚರಿ. ಮನೆಯಲ್ಲಿ ಊಟಕ್ಕೆ ಹಟಹಿಡಿಯುವ ಹುಡುಗಿ ಅಲ್ಲಿ ಬಡಿಸಿದ್ದನ್ನು ಉಂಡು ಗಟ್ಟಿಯಾಗಿ ಹಿಂದಿರುಗುವುದನ್ನು ತಾಯಂದಿರೇ ಹೇಳುತ್ತಾರೆ. ಆದರೆ ಹೆತ್ತವರ ಅಂಜಿಕೆ ಆಧಾರವಿಲ್ಲದ್ದಲ್ಲ. 2024ರ ಆಗಸ್ಟಿನಲ್ಲಿ ನೆರೆಯ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಒಂದು ಖಾಸಗಿ ಶಾಲೆಯಲ್ಲಿ ಎನ್.ಸಿ.ಸಿ. ಎಂಬ ಹೆಸರನ್ನು ಮುಂದಿಟ್ಟುಕೊಂಡು ನಕಲಿ ಶಿಬಿರವೊಂದು ನಡೆಯಿತು. ಅಲ್ಲಿ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯವಾಯಿತೆಂದು ದೂರು ದಾಖಲಾಗಿ, ಶಿಬಿರ ನಡೆಸಿದವರೂ ವಿಷಯವನ್ನು ಮುಚ್ಚಿಟ್ಟರೆಂಬ ಆರೋಪ ಹೊತ್ತ ಶಾಲೆಯವರೂ ಬಂಧಿತರಾದರು. ಆ ಶಿಬಿರಕ್ಕೂ ದಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಖಾಕಿಯ ಮೇಲೆ ಜನರಿಗಿರುವ ನಂಬಿಕೆಯೇ ಅಲ್ಲಿ ಮೋಸದ ಬಲೆಯಾಯಿತು.

ಇದರಿಂದ ನಾವು ಕಲಿಯತಕ್ಕದ್ದು ಸ್ಪಷ್ಟವಾಗಿದೆ. ಶಿಬಿರದ ಲಿಖಿತ ಆಜ್ಞೆ ಬೆಟಾಲಿಯನ್ನಿನಿಂದಲೇ ಬಂದಿರಬೇಕು. ಹೆತ್ತವರು ಅದನ್ನು ಕೇಳಿ ನೋಡುವ ಹಕ್ಕುಳ್ಳವರು. ಸಂದೇಹವಿದ್ದರೆ ದಾವಣಗೆರೆಯ ಬೆಟಾಲಿಯನ್ ಕಚೇರಿಯಲ್ಲಿಯೇ ವಿಚಾರಿಸಬಹುದು. ಹುಡುಗಿಯರ ಜೊತೆ ಮಹಿಳಾ ಅಧಿಕಾರಿಣಿ ಇಲ್ಲದ ಶಿಬಿರಕ್ಕೆ ಮಗಳನ್ನು ಕಳುಹಿಸಲೇಬಾರದು. ಮತ್ತು ವಿಧೇಯತೆಗೆ ಒಂದು ಎಲ್ಲೆಯುಂಟೆಂಬುದನ್ನು ವಿಧೇಯತೆಯನ್ನು ಕಲಿಸುವ ದಿನವೇ ಕಲಿಸಬೇಕು. ಅಪ್ಪಣೆಯೆಂಬುದು ಎಲ್ಲರ ಎದುರಿಗೆ, ಕೆಲಸದ ನಿಮಿತ್ತ, ನಿಯಮದ ಒಳಗೆ ಕೊಡತಕ್ಕದ್ದು. ಒಬ್ಬಳನ್ನೇ ಮರೆಗೆ ಕರೆಯುವುದು, ಮೈ ಮುಟ್ಟುವುದು, 'ಯಾರಿಗೂ ಹೇಳಬೇಡ' ಎನ್ನುವುದು ಅಪ್ಪಣೆಯಲ್ಲ, ಅಪರಾಧ. ಅದಕ್ಕೆ ಒಡಂಬಡದಿರುವುದೇ ಶಿಸ್ತು. ಕೂಡಲೆ ತಾಯಿಗೋ ಉಪಾಧ್ಯಾಯಿನಿಗೋ ಹೇಳುವುದೇ ಕರ್ತವ್ಯ. ಯಾರೂ ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವು ಹೇಳಿದ್ದನ್ನು ಕೇಳಿದ ದೊಡ್ಡವರು ಪೋಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾನೂನು ವಿಧಿಸಿದೆ. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವವರು ತಾವೇ ಅಪರಾಧಿಗಳಾಗುತ್ತಾರೆ.

ಸತ್ಯವೇದವನ್ನು ಓದುವ ನಮ್ಮ ಹುಡುಗಿಯರಿಗೆ ಇವೆರಡಕ್ಕೂ ದೃಷ್ಟಾಂತಗಳು ಗೊತ್ತಿರುವುವು. ಕಪೆರ್ನೌಮಿನ ಶತಾಧಿಪತಿಯು ತಾನೂ ಅಧಿಕಾರಕ್ಕೆ ಒಳಗಾದವನೆಂದು ಬಲ್ಲವನಾದ್ದರಿಂದಲೇ ಕರ್ತನ ಮಾತಿನ ಅಧಿಕಾರವನ್ನು ಗುರುತಿಸಿದನು. ಫರೋಹನ ಕ್ರೂರವಾದ ಅಪ್ಪಣೆಗೆ ಇಬ್ರಿಯ ಸೂಲಗಿತ್ತಿಯರಾದರೋ ಒಳಪಡದೆ ಗಂಡುಕೂಸುಗಳನ್ನು ಉಳಿಸಿದರು. ವಿಧೇಯನಾದ ಶತಾಧಿಪತಿಯೂ ಅವಿಧೇಯರಾದ ಸೂಲಗಿತ್ತಿಯರೂ ದೇವರ ದೃಷ್ಟಿಯಲ್ಲಿ ಮೆಚ್ಚಿಕೆಯಾದವರೇ. ಯಾವಾಗ ತಲೆಬಾಗಬೇಕು, ಯಾವಾಗ ತಲೆಯೆತ್ತಬೇಕು ಎಂಬ ವಿವೇಕವಿಲ್ಲದ ಶಿಸ್ತು ಬರಿಯ ಅಂಜಿಕೆ.

ಪಾಠಕ್ಕೆ ಕುಂದಾಗುವುದೆಂಬ ಶಂಕೆಗೆ ಉತ್ತರ ಚಿಕ್ಕದು. ಶಿಬಿರದ ದಿನಗಳಲ್ಲಿ ತಪ್ಪಿದ ಪಾಠವನ್ನು ಹುಡುಗಿ ತಾನೇ ಹಿಂದಿರುಗಿ ತುಂಬಿಕೊಳ್ಳಬೇಕು. ಉಪಾಧ್ಯಾಯಿನಿಯರು ಸಹಾಯ ಮಾಡಬೇಕು. ಹತ್ತನೆಯ ತರಗತಿಯ ಪರೀಕ್ಷೆಯ ಭಾರ ಬೀಳುವ ಮೊದಲೇ ಶಿಬಿರ ಮುಗಿಸುವುದು ಲೇಸು. ಹೊತ್ತನ್ನು ಎಣಿಸಿ ಬಳಸಲು ಕಲಿತವಳಿಗೆ ಓದಿಗೂ ಹೊತ್ತು ಸಿಕ್ಕುತ್ತದೆ.

ಮುಂದಿನ ಫಲವನ್ನೂ ಹೇಳಬೇಕಷ್ಟೆ. 1949ರಲ್ಲಿ ದಳವನ್ನು ಸೇರಿದ ಬಾಲಿಕೆಗೆ ಸೈನ್ಯದಲ್ಲಿ ವೈದ್ಯಕೀಯ ಮತ್ತು ದಾದಿಯರ ಸೇವೆಗಳಲ್ಲದೆ ಬೇರೆ ಬಾಗಿಲು ತೆರೆದಿರಲಿಲ್ಲ. 1992ರಿಂದ ಇತರ ಶಾಖೆಗಳಲ್ಲಿಯೂ ಸ್ತ್ರೀಯರು ಅಧಿಕಾರಿಗಳಾದರು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೆ ಕಾಯಂ ಹುದ್ದೆಯ ಹಕ್ಕನ್ನು ಎತ್ತಿಹಿಡಿಯಿತು. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿದ ಮೊದಲ ತಂಡದ 17 ಮಂದಿ ಕನ್ಯೆಯರು 2025ರ ಮೇಯಲ್ಲಿ ತೇರ್ಗಡೆಯಾಗಿ ಹೊರಬಂದರು. ಶಾಲೆಯ 'ಎ' ಸರ್ಟಿಫಿಕೇಟಿನ ತರುವಾಯ ಕಾಲೇಜಿನಲ್ಲಿ 'ಬಿ', 'ಸಿ' ಸರ್ಟಿಫಿಕೇಟುಗಳನ್ನು ಗಳಿಸಿದ ಪದವೀಧರೆಗೆ ಸೈನ್ಯದ ಅಧಿಕಾರಿಯಾಗಲು ವಿಶೇಷ ಪ್ರವೇಶದ ದಾರಿಯೂ ಇದೆ. ಆದರೆ ನಮ್ಮ ಹುಡುಗಿಯರಲ್ಲಿ ಬಹುಮಂದಿ ದಾದಿಯರೂ ಉಪಾಧ್ಯಾಯಿನಿಯರೂ ಗೃಹಿಣಿಯರೂ ಆಗುವರು. ತುಂಗಭದ್ರೆ ಉಕ್ಕಿ ದಡದ ಮನೆಗಳಿಗೆ ನೀರು ನುಗ್ಗಿದ ರಾತ್ರಿ, ಅಳುವವರ ನಡುವೆ ಎದೆಗುಂದದೆ ನಿಂತು, ಮುದುಕರನ್ನು ಮೊದಲು, ಮಕ್ಕಳನ್ನು ಜೊತೆಗೆ ಎಂದು ಸಾಲುಗೊಳಿಸಬಲ್ಲ ಒಬ್ಬಳು ಪ್ರತಿ ಬೀದಿಯಲ್ಲಿಯೂ ಇದ್ದರೆ ಎರಡು ವರ್ಷಗಳ ಕವಾತು ಸಾರ್ಥಕವಾಯಿತು.

ಹೆತ್ತವರೇ, ಪ್ರಶ್ನೆ ಕೇಳುವುದನ್ನು ಬಿಡಬೇಡಿರಿ. ಕೇಳಿದ ಮೇಲೆ ಮನಸ್ಸಿಗೆ ಸಮಾಧಾನವಾದರೆ ಮಗಳನ್ನು ತಡೆಯಬೇಡಿರಿ. ಹುಡುಗಿಯರೇ, ಅಪ್ಪಣೆ ಕಿವಿಗೆ ಬಿದ್ದಾಗ ಮೈದಾನದ ಸಾವಧಾನವನ್ನೂ ತಾಯಿ ಹೇಳಿದ ಸಾವಧಾನವನ್ನೂ ಕೂಡಿಯೇ ನೆನೆಯಿರಿ. ನೆಟ್ಟಗೆ ನಿಲ್ಲಿರಿ, ನಿಧಾನವಾಗಿ ವಿವೇಚಿಸಿರಿ. ದೇವರು ನಿಮ್ಮ ಹೆಜ್ಜೆಗಳನ್ನು ಸ್ಥಿರಪಡಿಸಲಿ.