ಬೆಳ್ಳಿತೆರೆಯ ಹದಿಹರೆಯ ಮತ್ತು ಹೇಳದೆ ಉಳಿದ ಒಲವು

ಪ್ರೇಮಕಥೆಗಳಿಗೆ ಭಾರತೀಯ ಚಲನಚಿತ್ರರಂಗದಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಆದರೆ ಪ್ರೇಮವನ್ನು ಹೇಳಿದವರ ಕಥೆಗಳೇ ಅವುಗಳಲ್ಲಿ ಹೆಚ್ಚು. ಹೇಳಲಾರದೆ ಉಳಿದವರ ಕಥೆಗಳು ಅಪರೂಪ. 1973ರಲ್ಲಿ ರಾಜ್ ಕಪೂರರ 'ಬಾಬಿ' ತೆರೆಕಂಡಾಗ ಹದಿಹರೆಯದ ಒಲವೊಂದೇ ಚಿತ್ರಕ್ಕೆ ಬಂಡವಾಳವಾಗಬಲ್ಲದೆಂಬುದು ನಿರ್ಮಾಪಕರಿಗೆ ಮನದಟ್ಟಾಯಿತು. 1981ರಲ್ಲಿ ಕೆ. ಬಾಲಚಂದರರ 'ಏಕ್ ದೂಜೇ ಕೇ ಲಿಯೇ' ಪ್ರೇಮಿಗಳನ್ನು ಸಾವಿನವರೆಗೆ ಕೊಂಡೊಯ್ದಿತು. 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಕನ್ನಡದ ಕಾಲೇಜು ಹುಡುಗರನ್ನು ಹುಚ್ಚೆಬ್ಬಿಸಿತು. ಇಂಥ ಚಿತ್ರಗಳಲ್ಲಿ ಒಲವು ಮೊದಲ ಕೆಲವು ರೀಲುಗಳಲ್ಲಿಯೇ ಬಾಯಿ ಬಿಡುತ್ತದೆ. ಉಳಿದ ರೀಲುಗಳೆಲ್ಲ ಹಾಡು, ಹೊಡೆದಾಟ, ಹಿರಿಯರ ಸಿಟ್ಟುಗಳಿಗೆ ಮೀಸಲು.

ಹೈಸ್ಕೂಲಿನಲ್ಲಿ ನಡೆಯುವುದು ಹೀಗಲ್ಲವೆಂಬುದನ್ನು ಹೈಸ್ಕೂಲು ಓದಿದ ಯಾರಾದರೂ ಬಲ್ಲರು. ಅಲ್ಲಿ ನಡೆಯುವುದು ಒಂದು ನೋಟ್‌ಬುಕ್ಕಿನ ಎರವಲು. ಹಿಂದಿರುಗಿಸುವಾಗ ಒಂದು ಕ್ಷಣದ ತಡೆ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಮಾತ್ರ ಕಿವಿ ನಿಮಿರುವುದು. ಹೆಚ್ಚೆಂದರೆ ಬೀಳ್ಕೊಡುಗೆಯ ದಿನ ಆಟೋಗ್ರಾಫ್ ಪುಸ್ತಕದಲ್ಲಿ ಎಲ್ಲರಿಗೂ ಬರೆದ ವಾಕ್ಯವನ್ನೇ ತುಸು ನಿಧಾನವಾಗಿ ಬರೆಯುವುದು.

ಈ ಮೌನವನ್ನೇ ಕಥೆಯನ್ನಾಗಿ ಮಾಡಿದ ಚಿತ್ರಗಳಲ್ಲಿ 2018ರ ತಮಿಳು ಚಿತ್ರ '96'ಕ್ಕೆ ವಿಶೇಷ ಸ್ಥಾನವಿದೆ. ಸಿ. ಪ್ರೇಮ್ ಕುಮಾರ್ ನಿರ್ದೇಶಿಸಿದ ಈ ಚಿತ್ರದ ನಾಯಕ ರಾಮ, ನಾಯಕಿ ಜಾನಕಿ. ತಂಜಾವೂರಿನ ಒಂದು ಶಾಲೆಯ ಸಹಪಾಠಿಗಳು. ಜಾನಕಿ ಚೆನ್ನಾಗಿ ಹಾಡುವವಳು. ರಾಮ ಕೇಳುವ ಒಂದು ಹಾಡನ್ನು ಮಾತ್ರ, ಅವನು ಎಷ್ಟು ಕೇಳಿದರೂ, ಬೇಕೆಂದೇ ಹಾಡುವುದಿಲ್ಲ. ರಜೆ ಮುಗಿದು ಶಾಲೆ ತೆರೆದಾಗ ರಾಮನ ಜಾಗ ಬರಿದಾಗಿರುತ್ತದೆ. ತಂದೆಯ ಸಾಲದ ದೆಸೆಯಿಂದ ಸಂಸಾರ ರಾತ್ರೋರಾತ್ರಿ ಚೆನ್ನೈ ಸೇರಿದೆ. ಎರಡು ದಶಕಗಳು ಕಳೆದ ಮೇಲೆ ಸಹಪಾಠಿಗಳ ಕೂಟಕ್ಕೆ ಸಿಂಗಪುರದಿಂದ ಬಂದ ಜಾನಕಿ ಈಗ ಗೃಹಿಣಿ, ತಾಯಿ. ರಾಮ ಊರೂರು ತಿರುಗುವ ಛಾಯಾಗ್ರಾಹಕ, ಅವಿವಾಹಿತ. ಅವಳ ವಿಮಾನ ಹೊರಡುವವರೆಗಿನ ಒಂದು ರಾತ್ರಿಯಷ್ಟೇ ಚಿತ್ರದ ಮುಖ್ಯ ಭಾಗ. ದೀಪ ಆರಿದ ಮನೆಯಲ್ಲಿ ಆ ಹಳೆಯ ಹಾಡು ಕೊನೆಗೂ ಕೇಳಿಬರುತ್ತದೆ. ಇಲ್ಲಿ ಖಳನಿಲ್ಲ, ಗದರುವ ತಂದೆಯಿಲ್ಲ. ಅಡ್ಡ ನಿಂತದ್ದು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಹೋದ ಮಾತು, ಮತ್ತು ಯಾರೋ ಎಂದು ಭಾವಿಸಿ ಕಾಲೇಜಿನ ಬಾಗಿಲಿಂದ ಹಿಂದಕ್ಕೆ ಕಳಿಸಿದ ಒಂದು ಭೇಟಿ, ಅಷ್ಟೆ.

ಈ ಕಥೆ 2019ರಲ್ಲಿ ಪ್ರೀತಂ ಗುಬ್ಬಿಯವರ ನಿರ್ದೇಶನದಲ್ಲಿ '99' ಎಂಬ ಹೆಸರಿನಿಂದ ಕನ್ನಡಕ್ಕೆ ಬಂತು. ಗಣೇಶ್ ಮತ್ತು ಭಾವನಾ ಅಭಿನಯಿಸಿದರು. ಮರುವರ್ಷ ತೆಲುಗಿನಲ್ಲಿ 'ಜಾನು' ಆಯಿತು. ಇದನ್ನು ಮೆಚ್ಚಿದವರಲ್ಲಿ ನಲವತ್ತು ದಾಟಿದವರೂ ಬಹುಮಂದಿ ಇದ್ದುದರಲ್ಲಿ ಸೋಜಿಗವಿಲ್ಲ. ಹೊರನಾಡಿನ ಕನ್ನಡಿಗರಿಗಂತೂ ರಾಮನ ಬರಿದಾದ ಬೆಂಚು ಅಪರಿಚಿತವಲ್ಲ. ಎಸ್ಸೆಸ್ಸೆಲ್ಸಿಯ ಫಲಿತಾಂಶ ಬರುವ ಮುನ್ನವೇ ಮುಂಬಯಿಯ ಬಸ್ಸು ಹತ್ತಿ, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯಲ್ಲಿ ಓದಿದವರ ಪೀಳಿಗೆಯೊಂದು ಇತ್ತಲ್ಲವೇ? ಅವರು ಊರಿನ ಶಾಲೆಯಲ್ಲಿ ಬಿಟ್ಟು ಬಂದದ್ದು ಪಾಟಿ ಪುಸ್ತಕಗಳನ್ನು ಮಾತ್ರವೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ.

ಹೇಳದಿರುವುದಕ್ಕೆ ಸಂಕೋಚವೊಂದೇ ಕಾರಣವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಗರಾಜ ಮಂಜುಳೆಯವರ 2013ರ ಮರಾಠಿ ಚಿತ್ರ 'ಫಂಡ್ರಿ' ಇನ್ನೊಂದು ಕಾರಣವನ್ನು ಮುಂದಿಡುತ್ತದೆ. ಆ ಹೆಸರು ಕೈಕಾಡಿ ಭಾಷೆಯದು; ಅರ್ಥ ಹಂದಿ. ಹಳಗನ್ನಡದ 'ಪಂದಿ'ಯನ್ನೂ ತಮಿಳಿನ 'ಪನ್ಱಿ'ಯನ್ನೂ ಬಲ್ಲವರಿಗೆ ಈ ಮಾತಿನ ನಂಟು ಬಿಡಿಸಿ ಹೇಳಬೇಕಾಗಿಲ್ಲ. ಹಂದಿ ಹಿಡಿಯುವ ಕುಟುಂಬದ ಬಾಲಕ ಜಬ್ಯಾನಿಗೆ ಮೇಲ್ಜಾತಿಯ ಸಹಪಾಠಿ ಶಾಲೂವಿನ ಮೇಲೆ ಮನಸ್ಸು. ಕಪ್ಪು ಗುಬ್ಬಚ್ಚಿಯೊಂದನ್ನು ಸುಟ್ಟು ಅದರ ಬೂದಿಯನ್ನು ಎರಚಿದರೆ ಅವಳು ಒಲಿಯುವಳೆಂದು ನಂಬಿ ಆತ ಕವಣೆ ಹಿಡಿದು ಅಲೆಯುತ್ತಾನೆ. ಅವಳೊಡನೆ ಮಾತು ಮಾತ್ರ ಇಲ್ಲ. ಕೊನೆಗೆ ಶಾಲೆಯ ಮಕ್ಕಳೆಲ್ಲ ನೋಡಿ ನಗುತ್ತಿರುವಾಗ, ಅವರ ನಡುವೆ ಶಾಲೂವೂ ಇರುವಾಗ, ಮನೆಯವರೊಂದಿಗೆ ಹಂದಿಯನ್ನು ಅಟ್ಟಬೇಕಾಗಿ ಬರುತ್ತದೆ. ಆ ಹುಡುಗ ಮರೆಯಲ್ಲಿ ಅವಿತುಕೊಳ್ಳುವ ನೋಟವನ್ನು ಕಂಡವರು ಸುಲಭವಾಗಿ ಮರೆಯಲಾರರು. ಇಲ್ಲಿ ಮೌನವು ನಾಚಿಕೆಯಲ್ಲ. ಸಮಾಜ ಬಾಯಿಗೆ ಜಡಿದ ಬೀಗ. ಅದೇ ನಿರ್ದೇಶಕರ 2016ರ 'ಸೈರಾಟ್'ನಲ್ಲಿ ಆ ಬೀಗ ಮುರಿದು ಮಾತನಾಡಿದವರಿಗೆ ಏನಾಯಿತೆಂಬುದು ಮಹಾರಾಷ್ಟ್ರದ ಕನ್ನಡಿಗರಿಗೆಲ್ಲ ತಿಳಿದದ್ದೇ.

ಇಂಥ ಚಿತ್ರಗಳಲ್ಲಿ ಬಹುಪಾಲು ಹುಡುಗನ ಕಣ್ಣಿನಿಂದ ನೋಡಿದವು ಎಂಬುದೊಂದು ಕೊರತೆ. ಹುಡುಗಿ ಅವುಗಳಲ್ಲಿ ಕಿಟಕಿಯಾಚೆಯ ಚಂದ್ರನಂತೆ. ಅವಳ ಮನದಲ್ಲಿ ಏನಿದೆಯೆಂದು ಕೇಳುವವರಿಲ್ಲ. 2019ರಲ್ಲಿ ರೂಪಾ ರಾವ್ ನಿರ್ದೇಶಿಸಿದ ಕನ್ನಡದ 'ಗಂಟುಮೂಟೆ' ಈ ಕೊರತೆಯನ್ನು ನೀಗಿತು. ತೊಂಬತ್ತರ ದಶಕದ ಹೈಸ್ಕೂಲು ಹುಡುಗಿ ಮೀರಾ, ತೆರೆಯ ಮೇಲಿನ ಸಲ್ಮಾನ್ ಖಾನನನ್ನು ಸಹಪಾಠಿ ಮಧುವಿನಲ್ಲಿ ಹುಡುಕುತ್ತಾಳೆ. ಚಿತ್ರಗಳು ಮಕ್ಕಳ ಮನಸ್ಸನ್ನು ಹೇಗೆ ತಿದ್ದುತ್ತವೆಂಬುದನ್ನು ಒಂದು ಚಿತ್ರವೇ ಇಷ್ಟು ನಿಚ್ಚಳವಾಗಿ ತೋರಿಸಿದ್ದು ವಿರಳ. ಬೇಡವೆಂದರೂ ಬೆನ್ನು ಹತ್ತುವುದೇ ಪ್ರೇಮ, ಹುಡುಗಿಯ ಮೌನವೇ ಸಮ್ಮತಿ ಎಂಬ ಪಾಠವನ್ನು ಜನಪ್ರಿಯ ಚಿತ್ರಗಳು ದಶಕಗಳ ಕಾಲ ಬೋಧಿಸಿವೆ. ಹೇಳದೆ ಉಳಿದ ರಾಮನು ಆ ಬೆನ್ನಟ್ಟುವ ನಾಯಕರಿಗಿಂತ ಸಾವಿರ ಪಾಲು ಮೇಲು.

ಇನ್ನು ವೈದ್ಯಶಾಸ್ತ್ರದ ಮಾತು. ಹತ್ತರಿಂದ ಹತ್ತೊಂಬತ್ತು ವರ್ಷಗಳ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವೆಂದು ಗುರುತಿಸುತ್ತದೆ. ಈ ವಯಸ್ಸಿನಲ್ಲಿ ಭಾವೋದ್ವೇಗಕ್ಕೂ ಸುಖಾನುಭವಕ್ಕೂ ಸಂಬಂಧಿಸಿದ ಮೆದುಳಿನ ಭಾಗಗಳು ಬೇಗನೆ ಚುರುಕಾಗುತ್ತವೆ. ಹಿಂದು ಮುಂದು ಯೋಚಿಸಿ ತಡೆಯೊಡ್ಡುವ ಮುಂಭಾಗದ ಬೆಳವಣಿಗೆ ಮಾತ್ರ ಇಪ್ಪತ್ತರ ನಡುವಿನವರೆಗೂ ಸಾಗುತ್ತದೆ. ಆದುದರಿಂದ ಹದಿನೈದರ ಒಲವು ಹುಡುಗಾಟವೆಂದು ದೊಡ್ಡವರು ನಕ್ಕರೂ ಅನುಭವಿಸುವವರಿಗೆ ಅದು ಪೂರ್ಣಪ್ರಮಾಣದ ಸಂಕಟವೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನೊವ್ 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ತೀವ್ರ ಮೋಹಕ್ಕೆ 'ಲಿಮರೆನ್ಸ್' ಎಂದು ಹೆಸರಿಟ್ಟರು. ಆಸೆ ಮತ್ತು ಅನಿಶ್ಚಯ ಎರಡೂ ಕೂಡಿದಾಗ ಈ ಮೋಹ ಬೆಳೆಯುತ್ತದೆಂಬುದು ಅವರ ವಿವರಣೆ. ಸ್ಪಷ್ಟ ಉತ್ತರ ದೊರೆತರೆ, ಅದು 'ಇಲ್ಲ'ವೆಂದಾದರೂ, ಮನಸ್ಸು ಕ್ರಮೇಣ ತಿಳಿಯಾದೀತು. ಕೇಳದ ಪ್ರಶ್ನೆಗೆ ಉತ್ತರವೂ ಇಲ್ಲ, ಬಿಡುಗಡೆಯೂ ಇಲ್ಲ. ಈ ದೃಷ್ಟಿಯಿಂದ ನೋಡಿದರೆ ರಾಮನ ಆಜೀವ ಒಂಟಿತನವನ್ನು ತಪಸ್ಸೆಂದು ಕೊಂಡಾಡುವುದು ಕಾವ್ಯಕ್ಕೆ ಚೆನ್ನ, ಬಾಳಿಗೆ ಅಷ್ಟು ಚೆನ್ನಲ್ಲ.

ಚಿತ್ರಗಳು ತೋರಿಸದ ಸಂಗತಿಯೊಂದು ಕಾನೂನಿನದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು. ದೈಹಿಕ ಸಂಬಂಧಕ್ಕೆ ಅವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಹದಿಹರೆಯದವರು ಪರಸ್ಪರ ಒಲಿದ ಪ್ರಕರಣಗಳನ್ನು ಕಂಡ ಕರ್ನಾಟಕ ಉಚ್ಚ ನ್ಯಾಯಾಲಯ ಈ ವಯೋಮಿತಿಯನ್ನು ಮರುಪರಿಶೀಲಿಸುವಂತೆ 2022ರಲ್ಲಿ ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಆಯೋಗ ಮಿತಿಯನ್ನು ಇಳಿಸಬಾರದೆಂದಿತು. ಸಿಟ್ಟಿನ ಭರದಲ್ಲಿ ಪೊಲೀಸ್ ಠಾಣೆಗೆ ಧಾವಿಸುವ ತಂದೆತಾಯಿಗಳೂ, ಚಿತ್ರ ನೋಡಿ ಮನೆ ಬಿಡಲೆಣಿಸುವ ಮಕ್ಕಳೂ ಇದನ್ನು ತಿಳಿದಿರುವುದು ಲೇಸು.

ಮಗನೋ ಮಗಳೋ ಯಾರನ್ನೋ ಮೆಚ್ಚಿರುವುದು ರೋಗವಲ್ಲ. ಅದಕ್ಕೆ ಚಿಕಿತ್ಸೆಯೂ ಬೇಡ, ಬಂಧುಗಳ ಪಂಚಾಯಿತಿಯೂ ಬೇಡ. ಮೊಬೈಲು ಕಸಿದು ಚೀಟಿ ಹುಡುಕುವುದಕ್ಕಿಂತ ಜೊತೆಯಲ್ಲಿ ಕುಳಿತು ಒಂದು ಚಿತ್ರ ನೋಡುವುದು ಮೇಲು. ತೆರೆಯ ಮೇಲಿನ ಹುಡುಗನ ವಿಷಯವಾಗಿ ಆಡಿದ ಮಾತು ಮನೆಯ ಹುಡುಗನಿಗೂ ತಲಪುತ್ತದೆ. ಆದರೆ ನಿದ್ದೆ, ಊಟ, ಓದುಗಳಲ್ಲಿ ಎರಡು ವಾರಗಳಾದರೂ ಏರುಪೇರು ನಿಲ್ಲದಿದ್ದರೆ, ಗೆಳೆಯರನ್ನೆಲ್ಲ ತೊರೆದು ಒಬ್ಬರೇ ಇರತೊಡಗಿದರೆ ವೈದ್ಯರನ್ನು ಕಾಣಬೇಕು. ಬದುಕಿ ಫಲವೇನೆಂಬ ಮಾತು ಬಾಯಲ್ಲಿ ಒಮ್ಮೆ ಬಂದರೂ ಅದೇ ದಿನ ಕಾಣಬೇಕು. ಎರಡು ವಾರ ಕಾಯುವ ಮಾತಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಭಾಷೆಯನ್ನು ಕರೆ ಮಾಡಿದವರೇ ಆರಿಸಿಕೊಳ್ಳಬಹುದಾದ್ದರಿಂದ ತಾಯಿ ಕನ್ನಡದಲ್ಲಿಯೂ, ಮುಂಬಯಿಯಲ್ಲಿ ಬೆಳೆದ ಮಗ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ತಮ್ಮ ತಮ್ಮ ಮಾತನ್ನು ಹೇಳಿಕೊಳ್ಳಲು ಅಡ್ಡಿಯಿಲ್ಲ.